ಕುದುರೆ ವಾಸನೆ ಕಳೆದ ಲೇಹ್ಯ

"ಕುದುರಿ ಹೋತು," ಎಂದ ಇಮಾಮಹುಸೇನ್.

"ಯಾವ ಕುದುರಿ?" ಇನ್‌ಸ್ಪೆಕ್ಟರ್ ವಾಸುದೇವರಾಯರು ಮುಂದಕ್ಕೆ ಬಾಗಿದರು.

ಗೋಡೆಗೆ ಒರಗಿ ಕುಳಿತಿದ್ದ ಆ ಹಳೆಯ ಸಿಪಾಯಿ ಎದುರಿಗಿದ್ದ ರೊಟ್ಟಿಯ ತಟ್ಟೆಯನ್ನು ನೋಡಿದ. ಇದು ಯಾರ ಊಟ ಎಂದು ಕೇಳುವವನಂತೆ ಹೆಂಡತಿಯ ಕಡೆ ತಿರುಗಿದ. ಕೇಳಬೇಕಾದ ಮಾತು ಅಷ್ಟರಲ್ಲೇ ಮರೆತುಹೋಯಿತೇನೋ, ಕಣ್ಣು ಮುಚ್ಚಿಕೊಂಡ.

"ನೋಡಿದ್ರ್ಯಾ ರಾಯರ?" ಬಾನುಬೀ ಸೆರಗಿನ ತುದಿಯಿಂದ ಗಂಡನ ಬಾಯೊರೆಸಿದಳು. "ಶಿವರಾತ್ರಿ ಆದಾಗಿಂದ ಹಿಂಗ. ಎದ್ದು ಪಡಸಾಲಿಗೆ ಬರೂದ್ರಾಗ ಸುಸ್ತಾಗಿ ಕುಂದರ್ತಾರ. ದಂಡಿನ್ಯಾಗ ಬ್ಯೂಗಲ್ ಊದಿದ್ರ ಏಳಾಕ ನೋಡ್ತಾರ, ಕಾಲು ಮಾತು ಕೇಳಾಂಗಿಲ್ಲ. ನಿನ್ನಿ ನನ್ನ ಹೆಸರು ಏನಂತ ನನ್ನ ಕೇಳಿದ್ರು."

ಬರ್ಮಾ ಯುದ್ಧದಿಂದ ಜ್ವರ ಹೊತ್ತು ಮರಳಿದ ಐವರು ಸಿಪಾಯಿಗಳು ಕುರುಗೋಡಿನ ಮದ್ದಿನ ಮುದುಕಿ ವಿರೂಪಮ್ಮನ ಲೇಹ್ಯ ತಿಂದು ಚೇತರಿಸಿಕೊಂಡು, ಈಗ ಒಮ್ಮೆಲೇ ಮತ್ತೆ ಕುಸಿದಿದ್ದರು. ಅವರಲ್ಲೊಬ್ಬ, ಮಾಸುಮಾಬಿಯ ಗಂಡ, ಮನೆಯ ದಾರಿ ಮರೆತು ರೂಪನಗುಡಿಯ ಹತ್ತಿರ ಹಗರಿ ಹೊಳೆಯ ಒಣ ಮರಳಿನಲ್ಲಿ ಬಾಯಾರಿ ಸತ್ತಿದ್ದ. ಮುದುಕಿ ವಿಷ ಹಾಕಿದಳೆಂದು ಬಳ್ಳಾರಿಯೆಲ್ಲ ತೀರ್ಪು ಕೊಟ್ಟಾಗಿತ್ತು. ವಾಸುದೇವರಾಯರು ಮಾತ್ರ ಇನ್ನೂ ಕೊಟ್ಟಿರಲಿಲ್ಲ.

ಅವರು ಲೇಹ್ಯದ ಭರಣಿಯನ್ನು ಎತ್ತಿಕೊಂಡರು. ಮಾಧ್ವರ ಮನೆಯವರು, ಈ ಮನೆಯಲ್ಲಿ ನಾಲಿಗೆಯ ಮೇಲೆ ಏನನ್ನೂ ಇಟ್ಟುಕೊಳ್ಳುವಂತಿರಲಿಲ್ಲ. ಆದರೆ ಮೂಗಿಗೆ ಮಡಿಯಿಲ್ಲ ಎಂದು ಅವರೇ ಹೇಳುತ್ತಿದ್ದರು. ಬಟ್ಟೆ ಬಿಚ್ಚಿ ನಿಧಾನವಾಗಿ ಮೂಸಿದರು. ಆಮೇಲೆ ಭರಣಿಯನ್ನು ಪಕ್ಕಕ್ಕೆ ಚಾಚಿದರು.

"ರಾಜೇಸಾಬ್ರ, ಇನ್ನ ನಿಮ್ಮ ನಾಲಿಗಿ."

ದಫೇದಾರ ರಾಜೇಸಾಬ್ ರಾಯರಿಗಿಂತ ಹತ್ತು ವರ್ಷ ದೊಡ್ಡವನು. ಅವನ ಮೀಸೆ ಪೊಲೀಸ್ ಇಲಾಖೆಗಿಂತಲೂ ಹಳೆಯದೆಂದು ಠಾಣೆಯವರು ತಮಾಷೆ ಮಾಡುತ್ತಿದ್ದರು. ಅವನು ಒಂದು ಚೂರು ಬೆರಳಿಗೆ ತೆಗೆದು ಚಪ್ಪರಿಸಿದ.

"ಬೆಲ್ಲ ಐತಿ, ತುಪ್ಪ ಐತಿ. ಒಂದೆಲಗದ ಒಗರು ಐತಿ. ಮ್ಯಾಲ ಪುಟಾಣಿ, ಹುರಿದ ಕಡ್ಲಿ ಹಿಟ್ಟಿನ ರುಚಿ. ವಿಷಾನೂ ಇಲ್ಲ, ಗಿಷಾನೂ ಇಲ್ರಿ. ನಾಳಿಗೆ ನಾ ಎದ್ದು ಬರಲಿಲ್ಲಂದ್ರ ಈ ಮಾತು ವಾಪಸ್ ತಗೋತೀನಿ."

"ದಂಡಿನ ಡಾಕ್ಟರು ನಾಯಿಗೆ ತಿನ್ನಿಸಿ ನೋಡ್ಯಾರಲ್ಲ. ಆ ನಾಯಿ ಇನ್ನೂ ಬೇಕು ಅಂತ ಅವರ ಮನಿ ಬಾಗಿಲು ಬಿಡವಲ್ತಂತ," ಎಂದರು ರಾಯರು. ನಗಲಿಲ್ಲ. "ಬಾನುಬೀ, ಒಂದು ಮಾತು ಹೇಳವ್ವಾ. ಮೊದಲು ಗುಣ ಆಗ್ತಿತ್ತಲ್ಲ, ಆವಾಗ ಈತ ಇದನ್ನ ಹಿಂಗ ಸುಮ್ಮನ ತಿಂತಿದ್ದನೇನು?"

"ಎಲ್ಲೀದು ರಾಯರ! ಮೂಗು ಹಿಡಕೊಂಡು ತಿಂತಿದ್ರು. 'ಲಾಯದಾಗ ಕುಂದ್ರಿಸಿ ಉಣ್ಣಾಕ ಕೊಟ್ಟಂಗ ಆಗತೈತಿ ನೋಡು' ಅಂತ ದಿನಾ ಜಗಳ."

ರಾಯರ ಕೈ ಭರಣಿಯ ಮೇಲೆಯೇ ನಿಂತಿತು.

"ಈತ ಬಡಬಡಿಸ್ಲಿಕತ್ತಿಲ್ಲ ರಾಜೇಸಾಬ್ರ. ಸಾಕ್ಷಿ ಹೇಳ್ಲಿಕತ್ತಾನ."

"ಏನಂತ್ರಿ?"

"ಹಿರೇಮದ್ದಿನ ಬೇರು ನೋಡೀರಿಲ್ಲೋ? ಸಂಸ್ಕೃತದಾಗ ಅದಕ್ಕ ಅಶ್ವಗಂಧ ಅಂತಾರ. ಬೆವತ ಕುದುರಿ ಪಕ್ಕ ನಿಂತ್ರ ಹೆಂಗ ಬರತದ, ಹಂಗ ವಾಸನಿ. ದಣದ ಮೈಗೆ ಕಸುವು ಕೊಡೋದು ಅದು. ಈ ಭರಣ್ಯಾಗ ಆ ವಾಸನಿ ಇಲ್ಲ. ಊರೆಲ್ಲ ಏನು ಬೆರೆಸ್ಯಾರ ಅಂತ ಹುಡುಕ್ಲಿಕತ್ತದ. ಯಾರೂ ಏನೂ ಬೆರೆಸಿಲ್ಲ. ಇದ್ದದ್ದನ್ನ ತಗದಾರ."

ಇಮಾಮಹುಸೇನ್ ಕಣ್ಣು ತೆರೆದು ಅವರತ್ತ ನೋಡಿದ. ಬಹಳ ದಿನಗಳ ಮೇಲೆ ಯಾರೋ ತನ್ನ ಮಾತನ್ನು ಕೇಳಿಸಿಕೊಂಡರು ಎಂಬಂತೆ ಆ ಮುಖ ಸಡಿಲವಾಯಿತು.

"ಗುಣ ಆಗಿದ್ದು ಯಾವಾಗ?" ರಾಯರು ಬಾನುಬೀಯನ್ನು ಕೇಳಿದರು.

"ಸಂಕ್ರಾಂತಿ ಹೊತ್ತಿಗೆ ಚಲೋ ಆಗಿದ್ರು ನೋಡ್ರಿ. ಮಸೀದಿಗೆ ನಡಕೊಂಡು ಹೋಗೋರು. ಆವಾಗ ಒಂದ ಹಟ. ಸಿರುಗುಪ್ಪಕ್ಕ ಹೋಗಬೇಕು, ಜಮಾದಾರ್ರ ಹೆಂಡತಿ ಕಾಲಿಗೆ ಬೀಳಬೇಕು ಅಂತ. ಆ ತಾಯಿನ ಲೇಹ್ಯ ಕಾಸಿ ಕಳಿಸ್ತಾಳ, ಋಣ ಐತಿ ಅಂತ ತಿಳ್ಕೊಂಡು ನಾನೂ ಗಾಡಿಯವರ ಕೂಡ ಹೇಳಿ ಕಳಿಸಿದೆ. ಅದಾಗಿ ತಿಂಗಳೊಪ್ಪತ್ತಿನ್ಯಾಗ ಮತ್ತ ಹಿಂಗಾದ್ರು."

ಜಮಾದಾರ ಕೊಟ್ಟೂರಪ್ಪನ ಹೆಸರು ಬಳ್ಳಾರಿಯ ಹಳೆಯ ಸಿಪಾಯಿಗಳಿಗೆಲ್ಲ ಗೊತ್ತು. ಅದೇ ಪಲ್ಟಣಿಯಲ್ಲಿದ್ದು, ಗಾಯಗೊಂಡು ಸಿರುಗುಪ್ಪಕ್ಕೆ ಮರಳಿದವನು. ತನ್ನ ಸಂಗಾತಿಗಳ ಸ್ಥಿತಿ ಕೇಳಿ ವಿರೂಪಮ್ಮನ ಕಾಲು ಹಿಡಿದು ಮದ್ದು ಮಾಡಿಸಿ, ಐದೂ ಮನೆಗೆ ಭರಣಿ ಕಳಿಸುತ್ತಿದ್ದವನು ಅವನೇ.

"ಅವರು ಎಷ್ಟು ಸಲ ಬಂದು ನೋಡ್ಯಾರ ನಿನ್ನ ಗಂಡನ್ನ?"

ಬಾನುಬೀ ಯೋಚಿಸಿದಳು. "ಒಂದ ಸಲಾನೂ ಇಲ್ರಿ. ಯಾರ ಮನಿಗೂ ಬಂದಿಲ್ಲ."

ರಾಯರು ರುಮಾಲು ಸರಿಮಾಡಿಕೊಂಡು ಎದ್ದರು. "ಕುರುಗೋಡಿಗೆ ಗಾಡಿ ಕಟ್ಟಿಸ್ರಿ, ರಾಜೇಸಾಬ್ರ. ಎತ್ತಿನ ಗಾಡಿ. ಈ ಕೇಸು ಮುಗಿಯೋ ತನಕ ನಾ ಕುದುರಿ ಹತ್ತಂಗಿಲ್ಲ. ಮೂಗು ಕೆಡತದ."

*

ಕುರುಗೋಡಿನ ಗುಡ್ಡದ ಬಂಡೆಗಳು ಬೆಳಗಿನಿಂದಲೇ ಕಾಯತೊಡಗಿದ್ದವು. ಆ ೧೮೮೯ರ ಬೇಸಿಗೆ ಎಲ್ಲರ ಚರ್ಮವನ್ನೂ ಸುಟ್ಟಿತ್ತು. ವಿರೂಪಮ್ಮನ ಮನೆಯ ಮುಂದೆ ಕಾವಲಿಗಿದ್ದ ಇಬ್ಬರು ಪೊಲೀಸರು ಅವಳೇ ಕೊಟ್ಟ ಮಜ್ಜಿಗೆ ಕುಡಿಯುತ್ತಿದ್ದರು. ವಿಷ ಹಾಕಿದವಳೆಂಬ ಆಪಾದನೆ ಹೊತ್ತವಳ ಕೈಯ ಮಜ್ಜಿಗೆ! ರಾಯರನ್ನು ಕಂಡು ಲೋಟ ಬಚ್ಚಿಡಲು ಹೋದರು.

"ಕುಡೀರಿ, ಕುಡೀರಿ," ಎಂದು ರಾಯರು ಒಳಗೆ ಹೋದರು.

ವಿರೂಪಮ್ಮ ಎದ್ದು ನಿಲ್ಲಲಿಲ್ಲ. ವಯಸ್ಸಾದ ಹೆಂಗಸು, ನೆಟ್ಟನೆ ಬೆನ್ನು, ಹಣೆಯ ತುಂಬ ವಿಭೂತಿ.

"ಬೇಡಿ ತಂದೀಯೇನಪ್ಪಾ?"

"ಭರಣಿ ತಂದೀನಮ್ಮಾ."

ಮುದುಕಿ ಮುಚ್ಚಳ ತೆಗೆದಳು. ಒಮ್ಮೆ ಮೂಸಿದಳು, ಒಂದು ಚೂರು ನಾಲಿಗೆಗೆ ಹಚ್ಚಿದಳು, ಪಕ್ಕದ ಬೂದಿಗೆ ಉಗುಳಿದಳು. ಇಷ್ಟು ದಿನ ಆಪಾದನೆ ಕೇಳಿಯೂ ತಣ್ಣಗಿದ್ದ ಮುಖಕ್ಕೆ ಆಗ ಸಿಟ್ಟು ಏರಿತು.

"ಇದು ನನ್ನ ಮದ್ದಂತ ಹೇಳಿದವರ್ಯಾರು? ಇದು ಲೇಹ್ಯ ಅಲ್ಲ, ಕಡಬಿನ ಹೂರಣ! ಇದನ್ನ ತಿಂದ್ರ ಹೊಟ್ಟಿ ತುಂಬತೈತಿ, ತಲಿ ತುಂಬಾಂಗಿಲ್ಲ. ನನ್ನ ಬೇರು ಎಲ್ಲಿ?"

"ಅದನ್ನ ಕೇಳ್ಲಿಕ್ಕೇ ಬಂದೀನಿ. ನೀವು ಬೇರು ಕಳಿಸೋದು ನಿಲ್ಲಿಸಿಲ್ಲಲ್ಲ?"

"ಯಾಕ ನಿಲ್ಲಿಸ್ಲಿ? ಪ್ರತಿ ಅಮಾಸಿಗೂ ಗಂಟು ಕಟ್ಟಿ ಕಳಿಸೀನಿ. ಕೇಳಿಲ್ಲಿ. ಹಿರೇಮದ್ದು ಒಣ ನೆಲದ್ದು, ನಮ್ಮ ಗುಡ್ಡದ ಬುಡಕ್ಕ ಬೆಳಿತೈತಿ. ನಾನ ಕಿತ್ತು, ಹಾಲಾಗ ಬೇಸಿ, ಒಣಗಿಸಿ, ಪುಡಿ ಮಾಡ್ತೀನಿ. ಒಂದೆಲಗಕ್ಕ ನೀರು ಬೇಕು. ಅದು ಸಿರುಗುಪ್ಪ, ಕರೂರು ಕಡಿ ಗದ್ದಿ ಬದುವಿನ್ಯಾಗ ಸಿಗತೈತಿ, ಹಸೀದಿದ್ದಾಗನ ರಸ ಹಿಂಡಬೇಕು. ಅದಕ್ಕ ಪುಡಿ ನಾ ಕಳಿಸೋದು, ಪಾಕ ಜಮಾದಾರನ ಮನ್ಯಾಗ ಆಗೋದು. ಬೇರು ಮೈಗೆ, ಎಲಿ ನೆನಪಿಗೆ. ಎರಡೂ ಕೂಡಬೇಕು. ಒಂದ ಎತ್ತು ಕಟ್ಟಿ ಗಾಡಿ ಹೊಡದ್ರ ಗಾಡಿ ಇದ್ದಲ್ಲೇ ಸುತ್ತತೈತಿ, ಊರು ಮುಟ್ಟಾಂಗಿಲ್ಲ."

ರಾಯರಿಗೆ ಬೇಕಾದದ್ದು ಸಿಕ್ಕಿತ್ತು. ಬೇರು ಕುರುಗೋಡು ಬಿಟ್ಟಿದೆ. ಭರಣಿಗೆ ಬಂದಿಲ್ಲ. ನಡುವೆ ಇರುವುದು ಒಂದೇ ಮನೆ.

"ಇವತ್ತ ಹೋಗಿ ಹಿಡಿಯೂಣೇನ್ರಿ?" ರಾಜೇಸಾಬನ ಕೈ ಆಗಲೇ ಲಾಠಿಯ ಮೇಲಿತ್ತು.

"ಹಿಡಿದು ಏನಂತ ಹೇಳೋಣ? ಲೇಹ್ಯದಾಗ ವಾಸನಿ ಇಲ್ಲ ಅಂತ ಮ್ಯಾಜಿಸ್ಟ್ರೇಟ್ ಮುಂದ ಹೇಳಿದ್ರ ನನ್ನ ಮೂಗು ಕೊಯ್ದಾರು. ಇಮಾಮಹುಸೇನ್ ಸಿರುಗುಪ್ಪಕ್ಕ ಬರ್ತೀನಿ ಅಂದ ಮ್ಯಾಲೇ ಬೇರು ಮಾಯ ಆಗ್ಯದ. ಯಾರಿಗೋ ಆತನ ನೆನಪಿನ ಭಯ ಅದ. ಆ ನೆನಪನ್ನ ಮೊದಲು ವಾಪಸ್ ತರೋಣ." ಅವರು ಮುದುಕಿಯ ಕಡೆ ತಿರುಗಿದರು. "ಅಮ್ಮಾ, ಒಣಗಿದ ಒಂದೆಲಗ ಹಾಕಿ ಪೂರಾ ಪಾಕ ಇಲ್ಲೇ ಮಾಡಿ ಕೊಡ್ಲಿಕ್ಕಾಗತದೇನು? ಯಾರಿಗೂ ಗೊತ್ತಾಗಬಾರ್ದು."

"ಹಸೀದಕ್ಕ ಒಣಗಿದ್ದು ಸಮ ಅಲ್ಲ. ತಡ ಆಗತೈತಿ." ವಿರೂಪಮ್ಮ ಮೊದಲ ಬಾರಿಗೆ ನಕ್ಕಳು. "ಆದ್ರ ಆಗತೈತಿ. ನನ್ನ ಮದ್ದಿನ ಮ್ಯಾಲ ನನಗ ಅನುಮಾನ ಇಲ್ಲ. ನಿನಗ ತಾಳ್ಮಿ ಐತೇನು?"

ತಾಳ್ಮೆ ರಾಯರಿಗಿತ್ತು, ಜಿಲ್ಲೆಯ ಪೊಲೀಸ್ ದೊರೆಗೆ ಇರಲಿಲ್ಲ. ಮುದುಕಿಯನ್ನು ಕೋರ್ಟಿಗೆ ಯಾಕೆ ತರಲಿಲ್ಲವೆಂದು ಅವರು ಮೇಜು ಗುದ್ದಿ ಕೇಳಿದರು. "ಯುಗಾದಿ ಕಳೆಯಲಿ. ಅಷ್ಟರಲ್ಲಿ ಅಪರಾಧಿಯನ್ನು ತಾರದಿದ್ದರೆ ಈ ಬೆಲ್ಟನ್ನು ತಾವೇ ಬಿಚ್ಚಿಸಿಕೊಳ್ಳಿ," ಎಂದು ರಾಯರು ಸಲಾಮು ಹೊಡೆದು ಬಂದರು.

ಸಿರುಗುಪ್ಪದ ಭರಣಿಗಳು ಎಂದಿನಂತೆ ಬರುತ್ತಲೇ ಇದ್ದವು. ಬಾನುಬೀ ಅವನ್ನು ಮೂಲೆಗಿಟ್ಟು, ಕುರುಗೋಡಿನ ಲೇಹ್ಯವನ್ನು ಗಂಡನಿಗೆ ತಿನ್ನಿಸಿದಳು. ಉಳಿದ ಮೂರು ಮನೆಗಳಲ್ಲೂ ಹಾಗೆಯೇ ಆಯಿತು. ಮೊದಲ ದಿನ ಮೂಗಿನ ಹತ್ತಿರ ತಂದಾಗಲೇ ಇಮಾಮಹುಸೇನ್ ಮುಖ ಕಿವುಚಿ, "ಬಂತು ಕುದುರಿ," ಎಂದನಂತೆ. ಅದನ್ನು ಹೇಳುವಾಗ ಬಾನುಬೀ ಅಳುತ್ತಿದ್ದಳು, ನಗುತ್ತಲೂ ಇದ್ದಳು.

ಯುಗಾದಿ ಕಳೆದು ಒಂದು ಬೆಳಿಗ್ಗೆ ರಾಯರು ಆ ಮನೆಗೆ ಹೋದಾಗ ಅವನು ಅಂಗಳದಲ್ಲಿ ಕುಳಿತು ತಾನೇ ಗಡ್ಡ ಹೆರೆದುಕೊಳ್ಳುತ್ತಿದ್ದ.

"ಇಮಾಮಹುಸೇನ್, ಬರ್ಮಾದಾಗ ಏನಾತು?"

ಕತ್ತಿ ನಿಂತಿತು. "ಅದನ್ನ ಒಬ್ಬರಿಗೆ ಹೇಳಬೇಕ್ರಿ. ನಿಮಗಲ್ಲ."

"ಯಾರಿಗೆ?"

"ಸಿರುಗುಪ್ಪಕ್ಕ ಕರಕೊಂಡು ಹೋಗ್ರಿ ನನ್ನ."

*

ರಾಯರು ಮುಂದಾಗಿ ಹೊರಟರು. ಎರಡನೆಯ ಗಾಡಿಯಲ್ಲಿ ರಾಜೇಸಾಬ್ ಇಮಾಮಹುಸೇನನನ್ನು ಕರೆದುಕೊಂಡು ಹಿಂದೆ ಬರಬೇಕೆಂದು ಮಾತಾಗಿತ್ತು. ಕಾಲುವೆ ದಾಟಿದ ಕೂಡಲೇ ಗಾಳಿ ತಂಪಾಯಿತು. ಗದ್ದೆಯ ಬದುಗಳಲ್ಲಿ ಒಂದೆಲಗ ದಟ್ಟವಾಗಿ ಹಬ್ಬಿತ್ತು.

ಜಮಾದಾರನ ಮನೆ ಯಾವುದೆಂದು ಕೇಳಬೇಕಾಗಲಿಲ್ಲ. ಬಾಗಿಲ ಕಟ್ಟೆಯ ಮೇಲೆ ನಾಲ್ಕು ಜನ ರೈತರು ನೀರಿನ ಜಗಳ ತೀರಿಸಿಕೊಂಡು ಎದ್ದು ಹೋಗುತ್ತಿದ್ದರು. ಅವರ ನಡುವೆ ನಿಂತಿದ್ದ ಜಮಾದಾರ ಎತ್ತರದ ಆಳು, ಎಡಗಾಲು ಕುಂಟು, ಕೆನ್ನೆ ಮುಚ್ಚಿದ ಗಡ್ಡ. ಮದುವೆಯಾದ ವರ್ಷವೇ ಪಲ್ಟಣಿ ಸೇರಿ ಹೋಗಿ, ಮೀಸೆ ಮೂಡದ ಹುಡುಗನಾಗಿ ಊರು ಬಿಟ್ಟವನು ಎಷ್ಟೋ ಕಾಲದ ಮೇಲೆ ಹೀಗೆ ಮರಳಿ ಬಂದನೆಂದು ಊರವರು ಅಭಿಮಾನದಿಂದ ಹೇಳುತ್ತಿದ್ದರು.

"ಬರ್ರಿ ರಾಯರ. ಬಿಸಿಲಾಗ ಬಂದೀರಿ."

"ಮೊದಲು ಕಾಲು ತೊಳ್ಕೋತೀನಿ, ಜಮಾದಾರ್ರ. ಹಿತ್ತಲದಾಗ ಬಾವಿ ಅದ ಅಲ್ಲ?"

ಹಿತ್ತಲಲ್ಲಿ ಬಾವಿಯಿತ್ತು. ಎರಡು ಎತ್ತುಗಳಿದ್ದವು. ಒಂದು ನುಗ್ಗೆಯ ಮರವಿತ್ತು. ರಾಯರು ಕಾಲಿಗೆ ನೀರು ಸುರಿದುಕೊಂಡು, ನೀರು ಹರಿದ ದಾರಿಯಲ್ಲೇ ನುಗ್ಗೆಯ ಬುಡಕ್ಕೆ ಹೋದರು. ಒದ್ದೆಯಾದ ಮಣ್ಣು ಒಮ್ಮೆ ಉಸಿರು ಬಿಟ್ಟಿತು.

ಕುದುರೆಯಿಲ್ಲದ ಮನೆಯ ಹಿತ್ತಲಲ್ಲಿ ಲಾಯದ ವಾಸನೆ.

ಅವರು ಬಗ್ಗಿ, ನೀರು ಮುಟ್ಟದ ಕಡೆಯಿಂದ ಮಣ್ಣಿನ ಮೇಲಿನ ಬೂದುಬಣ್ಣದ ಪುಡಿಯನ್ನು ಒಂದು ಮುಷ್ಟಿ ತೆಗೆದು ಪಡಸಾಲೆಗೆ ಬಂದರು. ಜಮಾದಾರನ ಎದುರಿನ ಮಣೆಯ ಮೇಲೆ ಸುರಿದರು.

"ಜಮಾದಾರ್ರ, ಕುದುರಿ ಸಾಕೀರೇನು?"

"ಇಲ್ರಿ. ಎತ್ತು ಅದಾವ ಅಷ್ಟ."

"ಹಂಗಾದ್ರ ನಿಮ್ಮ ನುಗ್ಗಿ ಬುಡದಾಗ ಬೆವತದ್ದು ಯಾವ ಕುದುರಿ?"

ಜಮಾದಾರ ಆ ಪುಡಿಯನ್ನು ಬೆರಳಿಗೆ ತಗುಲಿಸಿ ಮೂಸಿದ. ಮುಖದಲ್ಲಿ ಬರೀ ಅಚ್ಚರಿ. ರಾಯರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಆ ಅಚ್ಚರಿ ನಿಧಾನವಾಗಿ ಕರಗಿತು. ಅವನ ದೃಷ್ಟಿ ತಾನಾಗಿ ಅಡುಗೆಮನೆಯ ಬಾಗಿಲ ಕಡೆ ಹೋಯಿತು, ಕೂಡಲೇ ಹಿಂದಕ್ಕೆ ಬಂತು. ಮುಖ, ಮುಚ್ಚಿದ ಬಾಗಿಲಿನಂತಾಯಿತು.

"ನಾನ ತಗದೀನ್ರಿ."

"ಏನು?"

"ಈ ಬೇರು. ಲೇಹ್ಯದಾಗಿಂದ ನಾನ ತಗದೀನಿ. ನನ್ನ ಕರಕೊಂಡು ನಡೀರಿ."

"ಅವಸರ ಇಲ್ಲ. ಕೂಡ್ರಿ. ಮದ್ದು ಮಾಡಿಸಿದವರೂ ನೀವು, ಕೆಡಿಸಿದವರೂ ನೀವು. ಯಾಕ?"

ಜಮಾದಾರ ಗಡ್ಡ ಸವರಿದ. "ನೀವು ಲಡಾಯಿ ನೋಡಿಲ್ಲ ರಾಯರ. ಮಾಂಡಲೆ ಆಚಿ ಬಿದಿರಿನ ಕಾಡು. ಪಲ್ಟಣಿಗೆಲ್ಲ ಜ್ವರ. ಆವತ್ತು ಇಮಾಮಹುಸೇನ್ ಪಹರೆ ಮ್ಯಾಲಿದ್ದ, ಮೈ ಕೆಂಡ ಆಗಿತ್ತು. ಬಿದಿರಿನ ಮೆಳ್ಯಾಗ ಸಪ್ಪಳ ಆತು. ಗುಂಡು ಹಾರಿಸಿಬಿಟ್ಟ. ಹೋಗಿ ನೋಡಿದ್ರ ನಮ್ಮಾಂವನ. ಮಾರೆಣ್ಣ ಅಂತ. ಜ್ವರದವರಿಗೆ ನೀರು ತರಾಕ ಹೋಗಿದ್ದ. ಬೆಳಗಾಗೂದ್ರಾಗ ಇಮಾಮನ ತಲಿ ಕೆಟ್ಟಿತ್ತು. ಏನೂ ನೆನಪಿಲ್ಲ."

"ಆಮ್ಯಾಲ?"

"ಲೇಹ್ಯ ಹಿಡೀತು. ನೆನಪು ಬರಾಕತ್ತು. ಅದು ಪೂರಾ ಬಂದ ದಿನ ಅವನು ಬಾವಿಗೆ ಬೀಳ್ತಾನ. ದೇವರು ಮರಸ್ಯಾನ, ಮರತ ಇರ್ಲಿ ಅನ್ನಿಸ್ತು."

ರಾಯರು ತಲೆದೂಗಿದರು. ಆ ಮಾತಿನಲ್ಲಿ ನಾಟಕವಿರಲಿಲ್ಲ. ಹೇಳಿದವನ ಕಣ್ಣು ತೇವವಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಕೇಸು ಮುಗಿಸುತ್ತಿದ್ದರು.

"ಒಳ್ಳೆ ಮನಸ್ಸು. ಬೇರು ಹೆಂಗ ತಗದ್ರಿ?"

"ಅಂದ್ರ?"

"ಅದೇ, ಹೆಂಗ? ಕೈಯಿಂದೋ, ಸೌಟಿನಿಂದೋ?"

"ಸೋಸಿದೆ. ಪಾಕ ಕುದಿಯೂ ಮುಂದ, ಬಟ್ಟ್ಯಾಗ."

"ಜಮಾದಾರ್ರ," ರಾಯರ ದನಿ ಮೃದುವಾಯಿತು, "ಪುಡಿ ಒಮ್ಮೆ ಬೆಲ್ಲದ ಪಾಕಕ್ಕ ಬಿತ್ತಂದ್ರ ಅದನ್ನ ಬ್ರಹ್ಮನೂ ಸೋಸಲಾರ. ಈ ಪುಡಿ ನೋಡ್ರಿ. ಬೆಲ್ಲದ ಒಂದು ಕಣ ಇಲ್ಲ. ಇದು ಒಲಿ ಮುಖಾನ ನೋಡಿಲ್ಲ. ಗಂಟು ಬಿಚ್ಚಿದವರು ಹಂಗೇ ನುಗ್ಗಿ ಬುಡಕ್ಕ ಸುರದು, ತೂಕಕ್ಕ ಪುಟಾಣಿ ಹಿಟ್ಟು ಹಾಕ್ಯಾರ. ಅವರು ನೀವಲ್ಲ. ನಾ ಇದನ್ನ ಮಣಿ ಮ್ಯಾಲ ಸುರಿಯೋ ತನಕ ನಿಮಗ ಗೊತ್ತೇ ಇರಲಿಲ್ಲ. ಗೊತ್ತಾದ ಕೂಡಲೇ ಯಾರ ಕೆಲಸ ಅಂತಲೂ ಗೊತ್ತಾತು."

ಜಮಾದಾರ ಬಾಯಿ ತೆರೆದ. ಮಾತು ಬೇರೆ ಕಡೆಯಿಂದ ಬಂತು.

"ಅವರ್ನ ಬಿಡ್ರಿ. ಕೈ ನಂದು."

ಉಚ್ಚೆಂಗೆಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಜಮಾದಾರನ ಹೆಂಡತಿ. ಕೈಯಲ್ಲಿ ಸೌಟಿತ್ತು, ಅದನ್ನು ಹೊಸ್ತಿಲ ಪಕ್ಕದಲ್ಲಿಟ್ಟು ಮುಂದೆ ಬಂದಳು.

"ಉಚ್ಚೆಂಗೆಮ್ಮ, ಒಳಗ ಹೋಗು," ಎಂದ ಜಮಾದಾರ.

"ಹೋಗಾಂಗಿಲ್ಲ." ಅವಳು ರಾಯರನ್ನೇ ನೋಡುತ್ತಿದ್ದಳು. "ಇವರಿಗೆ ಅಡಿಗಿ ಮನ್ಯಾಗ ಉಪ್ಪು ಎಲ್ಲೈತಂತ ಗೊತ್ತಿಲ್ಲ. ಪಾಕ ಮಾಡ್ತಾರಂತ! ಸಂಕ್ರಾಂತಿ ಆದ ಮ್ಯಾಲೆ ನಾನ ಬೇರು ಹಾಕೂದು ಬಿಟ್ಟೆ."

"ಒಬ್ಬ ಸತ್ತಾನ, ತಾಯಿ."

"ಗೊತ್ತೈತ್ರಿ. ಸಾಯ್ತಾರಂತ ತಿಳಿದಿರಲಿಲ್ಲ. ಮಲಗಿರ್ತಾರ, ಮೊದಲಿನಂಗ ಇರ್ತಾರ ಅಂದ್ಕೊಂಡಿದ್ದೆ. ಹಗರ್ಯಾಗ ಹೆಣ ಸಿಕ್ತು ಅಂತ ಕೇಳಿದ ದಿನದಿಂದ ನನಗ ಅನ್ನ ಇಳಿದಿಲ್ಲ. ಆ ಮಾಸುಮಾಬಿ ಮುಂದ ನಿಂದ್ರಾಕ ನನಗ ಮುಖ ಇಲ್ಲ. ನನ್ನ ಎಲ್ಲಿಗೆ ಒಯ್ತೀರೋ ಒಯ್ಯಿರಿ. ಕುರುಗೋಡಿನ ಮುದುಕೀನ ಬಿಡ್ರಿ."

"ಯಾಕ ಮಾಡಿದಿ ಅಂತ ಹೇಳು."

"ಉಚ್ಚೆಂಗೆಮ್ಮ, ಬ್ಯಾಡ," ಎಂದ ಜಮಾದಾರ. ಅದು ಅಪ್ಪಣೆಯಾಗಿರಲಿಲ್ಲ.

ಅವಳು ಅವನ ಕಡೆ ನೋಡಲಿಲ್ಲ. "ಬಾನುಬೀ ಹೇಳಿ ಕಳಿಸಿದ್ಲು. ಗಂಡ ಸುಧಾರಿಸ್ಯಾರ, ಜಮಾದಾರ್ರ ಹೆಂಡತಿ ಕಾಲಿಗೆ ಬೀಳಾಕ ಬರ್ತೀನಿ ಅಂತಾರ ಅಂತ. ಮದ್ದು ಮಾಡಿಸಿದವರು ಜಮಾದಾರ್ರು. ಅವರ ಕಾಲು ಬಿಟ್ಟು ನನ್ನ ಕಾಲು ಯಾಕ? ಸಿಪಾಯಿ ಒಬ್ಬ ಹೆಣ್ಣಿನ ಕಾಲಿಗೆ ಯಾವಾಗ ಬೀಳ್ತಾನ ಅನ್ನೂದು ನನಗ ತಿಳೀತು. ಅವನು ಈ ಹೊಸ್ತಿಲ ಮೆಟ್ಟಿದ್ರ ಈ ಮನಿ ಉಳಿಯಾಂಗಿಲ್ಲಂತ ತಿಳೀತು."

ಹೊರಗೆ ಎತ್ತಿನ ಗಂಟೆ ಕೇಳಿಸಿತು. ಗಾಡಿ ನಿಂತಿತು.

ರಾಯರು ಎದ್ದು ಗೋಡೆಯ ಪಕ್ಕಕ್ಕೆ ಸರಿದು ನಿಂತರು. ಅಲ್ಲಿಂದ ಎಲ್ಲರ ಮುಖವೂ ಕಾಣುತ್ತಿತ್ತು.

ರಾಜೇಸಾಬ್ ಕೈ ಚಾಚಿದ್ದ. ಇಮಾಮಹುಸೇನ್ ಅದನ್ನು ಹಿಡಿಯದೆ ತಾನೇ ಗಾಡಿಯಿಂದ ಇಳಿದ. ಕಟ್ಟೆ ಹತ್ತಿದ. ಪಡಸಾಲೆಯ ನೆರಳಿಗೆ ಕಣ್ಣು ಹೊಂದಿಕೊಳ್ಳುವವರೆಗೆ ನಿಂತ. ಆಮೇಲೆ ಎತ್ತರದ ಆ ಆಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

ಜಮಾದಾರ ಓಡಲಿಲ್ಲ. ಬಹಳ ದೂರ ಹೊರೆ ಹೊತ್ತು ನಡೆದವನು ಅದನ್ನು ಇಳಿಸಲು ಕಟ್ಟೆ ಕಂಡಾಗ ನಿಲ್ಲುವ ಹಾಗೆ ನಿಂತಿದ್ದ.

"ಮಾರೆಣ್ಣ," ಎಂದ ಇಮಾಮಹುಸೇನ್.

"ಮಾರೆಣ್ಣ ಸತ್ತನಂತಲ್ಲ!" ರಾಯರು ಚುರುಕಾಗಿ ಕೇಳಿದರು. "ಬಿದಿರಿನ ಮೆಳ್ಯಾಗ, ಗುಂಡು ತಾಗಿ."

"ಮಾರೆಣ್ಣ ಸತ್ತಿಲ್ರಿ. ಇಂವನ ಮಾರೆಣ್ಣ. ಅಲ್ಲಿ ಸತ್ತವರು ಜಮಾದಾರ್ ಕೊಟ್ಟೂರಪ್ಪನವರು. ನಾನೂ ಇವನೂ ಕೂಡಿ ಮಣ್ಣಿಗಿಟ್ಟು ಬಂದೀವಿ."

ರಾಜೇಸಾಬನ ಬಾಯಿಂದ "ಯಾ ಅಲ್ಲಾ!" ಎಂದು ಹೊರಟಿತು. ರಾಯರು ತಟ್ಟನೆ ಉಚ್ಚೆಂಗೆಮ್ಮನ ಕಡೆ ತಿರುಗಿದರು. ಕಿರುಚುತ್ತಾಳೆ, ಕುಸಿಯುತ್ತಾಳೆ ಎಂದುಕೊಂಡಿದ್ದರು.

ಅವಳು ಅಲುಗಲಿಲ್ಲ.

"ಇವರು ನನ್ನ ಗಂಡ ಅಲ್ಲಂತ ನನಗ ಗೊತ್ತೈತ್ರಿ," ಎಂದಳು. "ಬಂದ ದಿನಾನ ಗೊತ್ತಾತು. ನಮ್ಮತ್ತಿಗೆ ಕಣ್ಣು ಕಾಣ್ತಿರಲಿಲ್ಲ. ಇವರು ಬಾಗಿಲಾಗ ನಿಂತು ಕೊಟ್ಟೂರಪ್ಪ ಅಂತ ಹೆಸರು ತಗದ್ರು ಅಷ್ಟ, ಮುಂದಿನ ಮಾತು ಹೇಳೂದ್ರಾಗ ಅತ್ತಿ ಓಡಿ ಬಂದು ಅಪ್ಪಿಕೊಂಡ್ಲು. ನನ್ನ ಮಗ ಬಂದ ಅಂತ ಮುಖ ಸವರಿದ್ಲು. ಆ ಕೈ ಬಿಡಿಸಾಕ ಇವರಿಗೂ ಆಗಲಿಲ್ಲ, ನನಗೂ ಆಗಲಿಲ್ಲ. ಅತ್ತಿ ಸಾಯೂತನಕ ಹಿಂಗ ಇರ್ಲಿ ಅಂತ ನಾ ಅಂದ್ಕೊಂಡೆ. ಅತ್ತಿ ಸತ್ಲು. ಆಮ್ಯಾಲ ಇವರು ಹೇಳಲಿಲ್ಲ, ನಾ ಕೇಳಲಿಲ್ಲ. ನಾ ಬಾಳಿದ್ದು ಇವರ ಕೂಡ ರಾಯರ. ಆ ಹುಡುಗನ ಮುಖ ನನಗ ನೆನಪೂ ಇಲ್ಲ."

ಮಾರೆಣ್ಣ ತಲೆಯೆತ್ತಿದ. ಅವಳಿಗೆ ಮೊದಲ ದಿನದಿಂದಲೇ ಗೊತ್ತಿತ್ತೆಂಬುದು ಅವನಿಗೆ ಈ ಗಳಿಗೆಯವರೆಗೆ ಗೊತ್ತಿರಲಿಲ್ಲ. ತನ್ನ ಗುಟ್ಟು ಬಯಲಾದೀತೆಂದು ತಿಳಿದೂ ಸಂಗಾತಿಗಳಿಗೆ ಮದ್ದು ಕಳಿಸಿದವನು ಅವನು. ಅದೇ ಗುಟ್ಟನ್ನು ಕಾಯಲು ಮದ್ದಿನ ಬೇರು ಕಿತ್ತವಳು ಅವಳು. ಒಂದೇ ಸೂರಿನಡಿ ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಬದುಕಿದ್ದರು.

ಉಚ್ಚೆಂಗೆಮ್ಮ ಈಗ ಇಬ್ಬರು ಸಿಪಾಯಿಗಳ ನಡುವೆ ಬಂದು ನಿಂತಳು.

"ಆದ್ರ ನನ್ನ ಕೊರಳಿಗೆ ತಾಳಿ ಕಟ್ಟಿದಾಂವ ಹೆಂಗ ಸತ್ತ ಅನ್ನೂದು ನನಗ ಗೊತ್ತಿರಲಿಲ್ಲ. ಜ್ವರದಾಗ ಹೋಗ್ಯಾನ, ಆ ಸಾವಿನ ಸುದ್ದಿ ಹೇಳಾಕ ಇಮಾಮಹುಸೇನ್ ಬರ್ತಾನ ಅಂದ್ಕೊಂಡಿದ್ದೆ. ಗುಂಡು ಬಿದ್ದು ಸತ್ತ ಅಂತ ಈಗ ಬಾಗಿಲ ಹಿಂದ ನಿಂತು ಕೇಳಿದೆ." ಅವಳ ದನಿ ಒಡೆಯಲಿಲ್ಲ, ಇನ್ನೂ ಗಟ್ಟಿಯಾಯಿತು. "ಇಬ್ಬರೂ ಅಲ್ಲಿದ್ರಿ. ಹೇಳ್ರಿ. ಬಂದೂಕು ಯಾರ ಕೈಯಾಗಿತ್ತು?"

"ನನ್ನ ಕೈಯಾಗ," ಎಂದ ಇಮಾಮಹುಸೇನ್.

ಆ ಮಾತು ಮುಗಿಯುವ ಮೊದಲೇ ಮಾರೆಣ್ಣ ಒಂದು ಹೆಜ್ಜೆ ಮುಂದೆ ಬಂದಿದ್ದ.

"ಸುಳ್ಳು. ನನ್ನ ಕೈಯಾಗಿತ್ತು."

ವಾಸುದೇವರಾಯರು ಒಬ್ಬನ ಮುಖದಿಂದ ಇನ್ನೊಬ್ಬನ ಮುಖಕ್ಕೆ ನೋಡಿದರು. ಇಷ್ಟು ವರ್ಷಗಳ ನೌಕರಿಯಲ್ಲಿ ಸುಳ್ಳು ಹೇಳುವ ಕಣ್ಣುಗಳನ್ನು ಗುರುತಿಸದೆ ಅವರು ಒಮ್ಮೆಯೂ ಹಿಂದಿರುಗಿರಲಿಲ್ಲ.

ಈ ಇಬ್ಬರಲ್ಲಿ ಯಾರ ಕಣ್ಣಲ್ಲೂ ಸುಳ್ಳಿರಲಿಲ್ಲ.